ಘಟಿಕೋತ್ಸವ: ಪದವೀಧರರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆಯುವವರನ್ನೂ ಅವರ ಮನೆಯವರನ್ನೂ ಗಮನದಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಮನೆತನದಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತುತ್ತಿರುವವರು ನಮ್ಮಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ಅವರಿಗೆ ಘಟಿಕೋತ್ಸವದ, ಎಂದರೆ ಪದವಿ ಪ್ರದಾನ ಸಮಾರಂಭದ, ರೀತಿನೀತಿಗಳನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಸಣ್ಣ ಸಂಗತಿಗಳನ್ನೂ ಇಲ್ಲಿ ಬಿಡದೆ ಹೇಳಲಾಗಿದೆ.

ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ಘಟಿಕೋತ್ಸವ ಏಕೆ ಬೇಕು?

ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಪದವಿಗೆ ಅರ್ಹರಾಗುತ್ತಾರೆಯೇ ಹೊರತು ಆ ಕ್ಷಣಕ್ಕೇ ಪದವೀಧರರಾಗುವುದಿಲ್ಲ. ಅರ್ಹರ ಪಟ್ಟಿಯನ್ನು ವಿಶ್ವವಿದ್ಯಾಲಯದ ಪ್ರಾಧಿಕಾರಗಳು ಒಪ್ಪಬೇಕು. ಬಳಿಕ ಕುಲಾಧಿಪತಿಗಳೋ (ಚಾನ್ಸಲರ್) ಕುಲಪತಿಗಳೋ (ವೈಸ್ ಚಾನ್ಸಲರ್) ತಮಗಿರುವ ಅಧಿಕಾರವನ್ನು ಬಳಸಿ, ಸಭೆಯ ಸಮಕ್ಷಮದಲ್ಲಿ, "ನಿಮಗೆ ಈ ಪದವಿಯನ್ನು ಪ್ರದಾನ ಮಾಡಿದ್ದೇನೆ" ಎಂಬ ಅರ್ಥದ ಮಾತನ್ನು ಬಾಯಿಬಿಟ್ಟು ಹೇಳಬೇಕು. ಆ ಮಾತಿನ ಫಲವಾಗಿಯೇ ಪದವಿ ಸಿಗುತ್ತದೆ. ಸಮಾರಂಭದ ಉಳಿದೆಲ್ಲ ಭಾಗಗಳು, ಎಂದರೆ ಮೆರವಣಿಗೆ, ಗೌನು, ಭಾಷಣ, ಪದಕಗಳು, ಆ ಒಂದು ಮಾತಿನ ಸುತ್ತ ಬೆಳೆದು ಬಂದವು. ಆದ್ದರಿಂದ ಘಟಿಕೋತ್ಸವವನ್ನು ಬರಿಯ ಸನ್ಮಾನ ಸಮಾರಂಭವೆಂದು ನೋಡುವುದು ಸರಿಯಲ್ಲ. ಅದು ಸಾಕ್ಷಿಗಳ ಎದುರು ನಡೆಯುವ ಒಂದು ಪ್ರದಾನ ಕಾರ್ಯ. ಸಾಕ್ಷಿಗಳ ಸಾಲಿನಲ್ಲಿ ನಿಮ್ಮ ತಂದೆತಾಯಿಗಳೂ ಇರಬೇಕೆಂಬುದು ಈ ಬರಹದ ಉದ್ದಕ್ಕೂ ಇರುವ ಆಶಯ.

ಈ ಪದ್ಧತಿ ಎಲ್ಲಿಂದ ಬಂತು? ನಮ್ಮದೇ, ಹೊರಗಿನದೇ?

ಇಂದು ನಾವು ನೋಡುವ ಸ್ವರೂಪ ಯೂರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಿಂದ ಬಂದದ್ದು. ಬೊಲೊನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ಕಲಿತವನನ್ನು ಗುರುವೃಂದದೊಳಕ್ಕೆ ಬರಮಾಡಿಕೊಳ್ಳುವ ವಿಧಿ ಇತ್ತು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಲಂಡನ್ ವಿಶ್ವವಿದ್ಯಾಲಯದ ಮಾದರಿಯೊಂದಿಗೆ ಈ ವಿಧಿಯೂ ಭಾರತಕ್ಕೆ ಬಂತು.

ಹಾಗೆಂದು ವಿದ್ಯೆ ಮುಗಿಸಿದವನನ್ನು ವಿಧಿಪೂರ್ವಕವಾಗಿ ಬೀಳ್ಕೊಡುವುದು ನಮಗೆ ಹೊಸದೇನೂ ಅಲ್ಲ. ಗುರುಕುಲದಿಂದ ಮನೆಗೆ ಮರಳುವ ಶಿಷ್ಯನಿಗೆ ಸಮಾವರ್ತನವೆಂಬ ಸಂಸ್ಕಾರವಿತ್ತು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಶಿಷ್ಯನಿಗೆ ಹೇಳುವ "ಸತ್ಯಂ ವದ, ಧರ್ಮಂ ಚರ, ಸ್ವಾಧ್ಯಾಯಾನ್ಮಾ ಪ್ರಮದಃ" ಎಂಬ ಮಾತುಗಳು ಇಂದಿಗೂ ಭಾರತದ ಅನೇಕ ಘಟಿಕೋತ್ಸವಗಳಲ್ಲಿ ಕೇಳಿಬರುತ್ತವೆ. ಓದು ಮುಗಿಸಿದವನಿಗೆ, ಮುಂದೆಯೂ ಓದುವುದರಲ್ಲಿ ಎಚ್ಚರ ತಪ್ಪಬೇಡ ಎಂದು ಹೇಳುವ ಈ ಉಪದೇಶಕ್ಕಿಂತ ಒಳ್ಳೆಯ ಘಟಿಕೋತ್ಸವ ಭಾಷಣವನ್ನು ಕಾಣುವುದು ಕಷ್ಟ.

ಕರ್ನಾಟಕದಲ್ಲಿ ಮೊದಲ ಘಟಿಕೋತ್ಸವ ನಡೆದದ್ದು ಯಾವಾಗ?

ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ 1918ರ ಅಕ್ಟೋಬರ್ 19ರಂದು ನಡೆಯಿತು. ಅದಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳಲ್ಲಿ ಓದಿದವರಿಗೂ ಪದವಿ ಸಿಗಬೇಕಾದದ್ದು ಮದರಾಸು ವಿಶ್ವವಿದ್ಯಾಲಯದಿಂದ. ನಮ್ಮ ಸೀಮೆಯ ಮಕ್ಕಳಿಗೆ ನಮ್ಮ ನೆಲದಲ್ಲೇ ಪದವಿ ಸಿಗಬೇಕೆಂಬ ಹಂಬಲದಿಂದ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಒತ್ತಾಸೆಯೊಂದಿಗೆ, 1916ರ ಜುಲೈ 27ರಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಒಡೆಯರೇ ಮೊದಲ ಕುಲಾಧಿಪತಿಗಳು; ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮೊದಲ ಘಟಿಕೋತ್ಸವ ಭಾಷಣ ಮಾಡಿದವರು ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಸರ್ ಆಶುತೋಷ್ ಮುಖರ್ಜಿ.

ನೂರನೆಯ ಘಟಿಕೋತ್ಸವ 2020ರಲ್ಲಿ, ಅದೇ ಅಕ್ಟೋಬರ್ 19ರಂದು ನಡೆಯಿತು. ಕೊರೊನಾ ಕಾಲವಾದ್ದರಿಂದ ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯಿಂದ ಆನ್‌ಲೈನ್ ಮೂಲಕವೇ ಭಾಷಣ ಮಾಡಿದರು. ಶತಮಾನದ ಸಂಭ್ರಮಕ್ಕೆ ಕಾದಿದ್ದ ಮೈಸೂರಿಗೆ ತುಂಬಿದ ಸಭೆ ಕಾಣುವ ಭಾಗ್ಯ ಅಂದು ಇರಲಿಲ್ಲ.

ಕಾಲೇಜಿನವರು ನಡೆಸುವ ಗ್ರ್ಯಾಜುಯೇಷನ್ ಡೇ ಮತ್ತು ಘಟಿಕೋತ್ಸವ ಒಂದೇ ಏನು?

ಅಲ್ಲ. ಪದವಿ ನೀಡುವ ಅಧಿಕಾರ 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಂತೆ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ (ವಿಶ್ವವಿದ್ಯಾಲಯವೆಂದು ಪರಿಗಣಿತವಾದ) ಸಂಸ್ಥೆಗಳಿಗೆ ಮತ್ತು ಸಂಸತ್ತಿನ ಕಾಯ್ದೆಯ ಮೂಲಕ ವಿಶೇಷ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಉಂಟು. ಸ್ವಾಯತ್ತ ಕಾಲೇಜು ತಾನೇ ಪಠ್ಯಕ್ರಮ ರೂಪಿಸಿ ತಾನೇ ಪರೀಕ್ಷೆ ನಡೆಸಬಹುದು. ಆದರೆ ಪದವಿ ಪ್ರಮಾಣಪತ್ರ ಬರುವುದು ಅದು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯದಿಂದಲೇ. ಕಾಲೇಜಿನ ಸಮಾರಂಭದಲ್ಲಿ ಗೌನು ತೊಟ್ಟು, ಫೋಟೋ ತೆಗೆಸಿಕೊಂಡು, ಸುರುಳಿಯೊಂದನ್ನು ಪಡೆದು ಬಂದವರು ತಮ್ಮ ಪದವಿ ಪ್ರಮಾಣಪತ್ರ ಬಂದಾಯಿತೆಂದು ತಿಳಿದು ಸುಮ್ಮನಾಗಿ, ವರ್ಷಗಳ ನಂತರ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ತೊಡಕಿಗೆ ಸಿಕ್ಕುವುದುಂಟು. ನಿಮ್ಮ ಕೈಯಲ್ಲಿರುವುದು ವಿಶ್ವವಿದ್ಯಾಲಯದ ಮುದ್ರೆಯಿರುವ ಘಟಿಕೋತ್ಸವ ಪ್ರಮಾಣಪತ್ರವೇ ಎಂಬುದನ್ನು ಒಮ್ಮೆ ನೋಡಿಕೊಳ್ಳಿ.

ಹಾಗಿದ್ದರೂ ಕಾಲೇಜಿನ ಸಮಾರಂಭವನ್ನು ಕಡೆಗಣಿಸಬೇಡಿ. ಸಾವಿರಾರು ಮಂದಿಗೆ ಒಟ್ಟಾಗಿ ಪದವಿ ನೀಡುವ ದೊಡ್ಡ ವಿಶ್ವವಿದ್ಯಾಲಯದಲ್ಲಿ ನಿಮ್ಮ ಹೆಸರನ್ನು ಯಾರೂ ಕೂಗಲಾರರು. ನಿಮಗೆ ಪಾಠ ಹೇಳಿದ ಮೇಷ್ಟ್ರ ಎದುರು, ನಿಮ್ಮ ಹೆಸರು ಹಿಡಿದು ಕರೆಸಿಕೊಂಡು ವೇದಿಕೆ ಹತ್ತುವ ಅವಕಾಶ ಸಿಗುವುದು ಕಾಲೇಜಿನಲ್ಲಿಯೇ.

ಅಧ್ಯಕ್ಷತೆ ಯಾರದು? ರಾಜ್ಯಪಾಲರೇ ಏಕೆ ಬರುತ್ತಾರೆ?

ರಾಜ್ಯದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಡಿ ನಡೆಯುತ್ತವೆ. ಅದರ ಪ್ರಕಾರ ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ದಿನನಿತ್ಯದ ಆಡಳಿತ ನೋಡಿಕೊಳ್ಳುವವರು ಕುಲಪತಿಗಳು. ಕಡತ, ದಾಖಲೆ, ಪರೀಕ್ಷೆಗಳ ಹೊಣೆ ಕುಲಸಚಿವರದು. ಬೇರೆ ಸಂಸ್ಥೆಗಳಲ್ಲಿ ವ್ಯವಸ್ಥೆ ಬೇರೆಯಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳೇ ಕುಲಾಧಿಪತಿ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಪತಿಗಳು ಸಂದರ್ಶಕರು (ವಿಸಿಟರ್ ಎಂಬ ಉನ್ನತ ಸ್ಥಾನ).

ಆ ದಿನ ಏನೇನು ನಡೆಯುತ್ತದೆ?

ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಕ್ರಮ ಬಹುಮಟ್ಟಿಗೆ ಒಂದೇ. ಅಭ್ಯರ್ಥಿಗಳೂ ಆಹ್ವಾನಿತರೂ ತಮ್ಮ ತಮ್ಮ ಸ್ಥಳಗಳಲ್ಲಿ ಕುಳಿತ ಮೇಲೆ ಘಟಿಕೋತ್ಸವ ಮೆರವಣಿಗೆ ಸಭಾಂಗಣವನ್ನು ಪ್ರವೇಶಿಸುತ್ತದೆ. ವಿಶ್ವವಿದ್ಯಾಲಯದ ಲಾಂಛನವುಳ್ಳ ದಂಡವನ್ನು ಹಿಡಿದವರು ಮುಂದೆ ನಡೆದರೆ ಹಿಂದೆ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು, ಸಿಂಡಿಕೇಟ್ (ಆಡಳಿತ ಮಂಡಳಿ) ಸದಸ್ಯರು, ನಿಕಾಯಗಳ (ಕಲೆ, ವಿಜ್ಞಾನ ಮೊದಲಾದ ವಿಭಾಗಗಳ) ಮುಖ್ಯಸ್ಥರಾದ ಡೀನರು, ಕುಲಪತಿಗಳು, ಮುಖ್ಯ ಅತಿಥಿಗಳು, ಕೊನೆಯಲ್ಲಿ ಕುಲಾಧಿಪತಿಗಳು ಬರುತ್ತಾರೆ. ಮೆರವಣಿಗೆ ವೇದಿಕೆ ಸೇರುವವರೆಗೆ ಸಭೆ ಎದ್ದು ನಿಂತಿರಬೇಕು. ರಾಷ್ಟ್ರಗೀತೆ, ನಾಡಗೀತೆಗಳಾದ ಬಳಿಕ ಕುಲಾಧಿಪತಿಗಳು ಘಟಿಕೋತ್ಸವ ಆರಂಭವಾಯಿತೆಂದು ಘೋಷಿಸುತ್ತಾರೆ.

ಮುಂದಿನ ಹಂತವೇ ಸಮಾರಂಭದ ಜೀವಾಳ. ಪ್ರತಿ ನಿಕಾಯದ ಡೀನರು ತಮ್ಮ ನಿಕಾಯದ ಅಭ್ಯರ್ಥಿಗಳು ಪದವಿಗೆ ಅರ್ಹರೆಂದು ಸಭೆಗೆ ಅರಿಕೆ ಮಾಡುತ್ತಾರೆ. ಆ ನಿಕಾಯದವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಕುಲಾಧಿಪತಿಗಳು ಅಥವಾ ಕುಲಪತಿಗಳು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರದಾನದ ಮಾತುಗಳನ್ನು ಹೇಳಿ, ನಡೆಯಲ್ಲಿಯೂ ನುಡಿಯಲ್ಲಿಯೂ ಈ ಪದವಿಗೆ ತಕ್ಕವರಾಗಿ ಬಾಳಿರೆಂದು ವಿಧಿಸುತ್ತಾರೆ. ಪ್ರತಿಜ್ಞಾವಚನ ಬೋಧಿಸುವ ಪದ್ಧತಿಯೂ ಹಲವೆಡೆ ಇದೆ. ಪಿಎಚ್.ಡಿ. ಪಡೆಯುವವರು ಮತ್ತು ಪದಕ ವಿಜೇತರು ಸಾಮಾನ್ಯವಾಗಿ ಒಬ್ಬೊಬ್ಬರಾಗಿ ವೇದಿಕೆಗೆ ಬರುತ್ತಾರೆ. ಆಮೇಲೆ ಘಟಿಕೋತ್ಸವ ಭಾಷಣ, ಮುಕ್ತಾಯದ ಘೋಷಣೆ, ಮತ್ತೆ ರಾಷ್ಟ್ರಗೀತೆ. ಮೆರವಣಿಗೆ ಹೊರಗೆ ಹೋಗುವವರೆಗೆ ಯಾರೂ ಕುರ್ಚಿ ಬಿಟ್ಟು ಕದಲಬಾರದು.

ನಿಕಾಯದವರೆಲ್ಲ ಒಟ್ಟಾಗಿ ಎದ್ದು ನಿಲ್ಲುವ ಆ ಒಂದು ನಿಮಿಷದಲ್ಲಿ ಅನೇಕರು ಮೊಬೈಲ್ ನೋಡುತ್ತಲೋ ಪಕ್ಕದವರೊಂದಿಗೆ ಮಾತಾಡುತ್ತಲೋ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀವು ಪದವೀಧರರಾಗುವುದು ಆಗಲೇ. ಮುಂದೆ ಕೈಗೆ ಬರುವ ಕಾಗದ ಅದರ ದಾಖಲೆ.

ನಮ್ಮ ಬಿಸಿಲಿನಲ್ಲಿ ಕಪ್ಪು ಗೌನು ಏಕೆ? ಅದನ್ನು ಬಿಡಬಾರದೇ?

ಯೂರೋಪಿನ ಮಧ್ಯಯುಗದ ವಿದ್ವಾಂಸರಲ್ಲಿ ಹೆಚ್ಚಿನವರು ಚರ್ಚಿನ ವ್ಯವಸ್ಥೆಗೆ ಸೇರಿದವರು. ಚಳಿಯ ಕಟ್ಟಡಗಳಲ್ಲಿ ಅವರು ತೊಡುತ್ತಿದ್ದ ಉದ್ದನೆಯ ನಿಲುವಂಗಿಯೇ ಗೌನಾಯಿತು, ತಲೆ ಮುಚ್ಚಿಕೊಳ್ಳುತ್ತಿದ್ದ ಮುಸುಕು ಬೆನ್ನ ಮೇಲೆ ಇಳಿದು ಹುಡ್ ಆಯಿತು. ಹುಡ್‌ನ ಒಳಪದರದ ಬಣ್ಣ ನೋಡಿ ಯಾವ ನಿಕಾಯದ, ಯಾವ ಹಂತದ ಪದವಿ ಎಂದು ತಿಳಿಯಬಹುದು.

ಇದನ್ನು ಮುಂದುವರಿಸಬೇಕೇ ಎಂಬ ಚರ್ಚೆ ಭಾರತದಲ್ಲಿ ಬಹುಕಾಲದಿಂದ ನಡೆದಿದೆ. 2010ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ, ಇದು ವಸಾಹತುಶಾಹಿಯ ಪಳೆಯುಳಿಕೆ ಎಂದು ಹೇಳಿ ವೇದಿಕೆಯ ಮೇಲೆಯೇ ಗೌನನ್ನು ಕಳಚಿದರು. 2015ರಲ್ಲಿ ಯುಜಿಸಿ, ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸುವುದನ್ನು ಪರಿಗಣಿಸಿರೆಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತನ್ನ ಅಧೀನದ ವೈದ್ಯಕೀಯ ಶಿಕ್ಷಣ ಸಂಸ್ಥೆಗಳಿಗೆ ಆಯಾ ರಾಜ್ಯದ ಪರಂಪರೆಗೆ ಒಪ್ಪುವ ಉಡುಪನ್ನು ರೂಪಿಸುವಂತೆ ಸೂಚಿಸಿತು. ಈಗ ಅನೇಕ ಕಡೆ ಬಿಳಿ ಅಥವಾ ಕೆನೆಬಣ್ಣದ ಉಡುಪಿನ ಮೇಲೆ ಶಲ್ಯ ಹೊದೆಯುವ ಪದ್ಧತಿ ಬಂದಿದೆ.

ಉಡುಪು ಬದಲಾಗಲಿ ಎಂಬುದಕ್ಕೆ ನಮ್ಮ ಒಪ್ಪಿಗೆಯಿದೆ. ಇಳಕಲ್ಲಿನ, ಮೊಳಕಾಲ್ಮೂರಿನ ನೇಕಾರರಿರುವ ನಾಡಿನಲ್ಲಿ ಬಾಡಿಗೆಯ ಪಾಲಿಯೆಸ್ಟರ್ ಗೌನನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ಆದರೆ ಎಲ್ಲರೂ ಒಂದೇ ಉಡುಪು ತೊಡುವ ನಿಯಮವನ್ನು ಮಾತ್ರ ಕೈಬಿಡಬಾರದು. ಕೂಲಿಕಾರರ ಮಗಳೂ ಸಿರಿವಂತರ ಮಗನೂ ಅಂದು ಒಂದೇ ಬಟ್ಟೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಈ ಸಮಾನತೆಗೆ ಬೆಲೆ ಕಟ್ಟಲಾಗದು.

ಸೀರೆಯ ಮೇಲೆ ಹುಡ್ ಹೇಗೆ ಹಾಕಿಕೊಳ್ಳುವುದು?

ಹುಡ್‌ನ ಮುಂಭಾಗದಲ್ಲಿ ಒಂದು ಪುಟ್ಟ ದಾರದ ಕುಣಿಕೆ ಇರುತ್ತದೆ. ಅಂಗಿಯ ಗುಂಡಿಗೆ ಸಿಕ್ಕಿಸಲೆಂದು ಮಾಡಿದ ಕುಣಿಕೆ ಅದು. ಸೀರೆಗೂ ಚೂಡಿದಾರಕ್ಕೂ ಆ ಜಾಗದಲ್ಲಿ ಗುಂಡಿ ಇರುವುದಿಲ್ಲವಾದ್ದರಿಂದ ಹುಡ್‌ನ ಭಾರ ಹಿಂದಕ್ಕೆ ಎಳೆದು, ಮುಂಭಾಗ ಮೇಲೇರಿ ಕುತ್ತಿಗೆಗೆ ಒತ್ತುತ್ತದೆ. ವೇದಿಕೆ ಹತ್ತುವಾಗ ಒಂದು ಕೈ ಅದನ್ನು ಹಿಡಿದುಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಎರಡು ಮೂರು ಸೇಫ್ಟಿ ಪಿನ್ನುಗಳನ್ನು ಮನೆಯಿಂದಲೇ ತನ್ನಿ. ಒಂದರಿಂದ ಕುಣಿಕೆಯನ್ನು ಸೆರಗಿನ ನೆರಿಗೆಗೆ ಸೇರಿಸಿ. ಉಳಿದವುಗಳಿಂದ ಎರಡೂ ಭುಜಗಳಲ್ಲಿ ಹುಡ್ ಅನ್ನು ಗೌನಿಗೆ ಒಳಗಿನಿಂದ ಸಿಕ್ಕಿಸಿ. ಜಾರುವ ರೇಷ್ಮೆ ಸೀರೆಗಿಂತ ಹತ್ತಿಯ ಸೀರೆ ಅಂದು ಅನುಕೂಲ.

ಟೋಪಿಯನ್ನು ಗಾಳಿಗೆ ಎಸೆಯಲೇಬೇಕೇ?

ಬೇಕಿಲ್ಲ. ಅದು ಅಮೆರಿಕದ ರೂಢಿ. 1912ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಪದವಿಯೊಂದಿಗೇ ಅಧಿಕಾರಿಯ ಹೊಸ ಟೋಪಿಗಳು ಸಿಕ್ಕಿದ್ದರಿಂದ ಹಳೆಯವನ್ನು ಎಸೆದು ಸಂಭ್ರಮಿಸಿದ್ದು ಕ್ರಮೇಣ ಎಲ್ಲೆಡೆ ಹಬ್ಬಿತು. ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸುವುದೂ ಅಲ್ಲಿಯದೇ. ಗಟ್ಟಿಯಾದ ಚೌಕದ ಮೂಲೆ ಕಣ್ಣಿಗೆ ಬಡಿದರೆ ಅಪಾಯವೆಂಬುದನ್ನು ನೆನಪಿಡಿ. ಟೋಪಿ ಕಳೆದರೆ ಗೌನಿಗೆ ಕಟ್ಟಿದ ಠೇವಣಿಯಲ್ಲಿ ಕಡಿತವಾಗುವುದೂ ಉಂಟು.

ಚಿನ್ನದ ಪದಕಗಳು ನಿಜವಾಗಿ ಚಿನ್ನದವೇ? ಅವನ್ನು ಕೊಡುವವರು ಯಾರು?

ಹೆಚ್ಚಿನ ಪದಕಗಳ ಹಿಂದೆ ಒಂದೊಂದು ದತ್ತಿ ಇದೆ. ಅಗಲಿದ ತಾಯಿಯ ಹೆಸರಿನಲ್ಲೋ, ಪ್ರೀತಿಯ ಗುರುಗಳ ಹೆಸರಿನಲ್ಲೋ, ನಿವೃತ್ತ ಪ್ರಾಧ್ಯಾಪಕರೊಬ್ಬರ ಉಳಿತಾಯದಿಂದಲೋ ಒಂದು ಮೊತ್ತವನ್ನು ವಿಶ್ವವಿದ್ಯಾಲಯದಲ್ಲಿ ಇಡಲಾಗುತ್ತದೆ; ಅದರ ಬಡ್ಡಿಯಿಂದ ಪ್ರತಿವರ್ಷ ನಿರ್ದಿಷ್ಟ ವಿಷಯದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಪದಕವನ್ನೋ ನಗದು ಬಹುಮಾನವನ್ನೋ ಕೊಡಲಾಗುತ್ತದೆ. ಒಬ್ಬರೇ ವಿದ್ಯಾರ್ಥಿ ಹತ್ತಾರು ಪದಕ ಬಾಚಿಕೊಳ್ಳುವುದು ಇದೇ ಕಾರಣಕ್ಕೆ: ಒಂದೇ ವಿಷಯಕ್ಕೆ ಹಲವು ದಾನಿಗಳು ದತ್ತಿ ಇಟ್ಟಿರುತ್ತಾರೆ. ಚಿನ್ನದ ಬೆಲೆ ಏರಿದಂತೆ ಹಳೆಯ ದತ್ತಿಗಳ ಬಡ್ಡಿ ಸಾಲದೆ, ಅನೇಕ ವಿಶ್ವವಿದ್ಯಾಲಯಗಳಲ್ಲಿ ಈಗ ಬೆಳ್ಳಿಯ ಮೇಲೆ ಚಿನ್ನದ ಲೇಪವಿರುವ ಪದಕ ಕೊಡಲಾಗುತ್ತದೆ.

ಪದಕ ಪಡೆದವರಿಗೆ ಒಂದು ವಿನಂತಿ. ನಿಮ್ಮ ಪದಕ ಯಾರ ಹೆಸರಿನದೆಂದು ವಿಚಾರಿಸಿ ತಿಳಿದುಕೊಳ್ಳಿ. ದಾನಿಯ ಮನೆಯವರು ಬದುಕಿದ್ದರೆ ಎರಡು ಸಾಲು ಬರೆದು ತಿಳಿಸಿ. ಎಷ್ಟೋ ಕುಟುಂಬಗಳು ಅಂಥ ಒಂದು ಪತ್ರಕ್ಕಾಗಿ ಕಾದಿರುತ್ತವೆ.

ಗೌರವ ಡಾಕ್ಟರೇಟ್ ಎಂದರೇನು? ನಾಡೋಜ ಪದವಿ ಬೇರೆಯೇ?

ಸಾಹಿತ್ಯ, ಕಲೆ, ವಿಜ್ಞಾನ, ಸಮಾಜಸೇವೆಗಳಲ್ಲಿ ಜೀವಮಾನವಿಡೀ ದುಡಿದವರಿಗೆ ಪರೀಕ್ಷೆ, ಪ್ರಬಂಧಗಳಿಲ್ಲದೆ ಕೊಡುವ ಗೌರವವಿದು. ಇದನ್ನು ಉದ್ಯೋಗಕ್ಕೆ ವಿದ್ಯಾರ್ಹತೆಯಾಗಿ ತೋರಿಸಲು ಬಾರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಬಗೆಯ ತನ್ನ ಗೌರವ ಪದವಿಗೆ ನಾಡೋಜ ಎಂದು ಹೆಸರಿಟ್ಟಿದೆ. ಆದಿಕವಿ ಪಂಪನಿಗೆ ಸಂದ ಹೆಸರದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಣ ಪಡೆದು, ಹೋಟೆಲಿನ ಸಭಾಂಗಣದಲ್ಲಿ ಗೌನು ತೊಡಿಸಿ "ಗೌರವ ಡಾಕ್ಟರೇಟ್" ಹಂಚುವ ಸಂಸ್ಥೆಗಳು ಊರೂರಲ್ಲಿ ತಲೆಯೆತ್ತಿವೆ. ಪದವಿ ನೀಡುವ ಅಧಿಕಾರವೇ ಇಲ್ಲದವರು ಕೊಟ್ಟ ಡಾಕ್ಟರೇಟಿಗೆ ಬೆಲೆಯಿಲ್ಲ. ನಿಜವಾಗಿ ಸಮಾಜಕ್ಕೆ ದುಡಿದ ಹಿರಿಯರೂ ಈ ಬಲೆಗೆ ಬೀಳುವುದನ್ನು ಕಂಡರೆ ನೋವಾಗುತ್ತದೆ. ಆಹ್ವಾನ ಬಂದರೆ ಮೊದಲು ಯುಜಿಸಿಯ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ.

ಎಲ್ಲ ಕಡೆಯೂ ಸಮಾರಂಭ ಹೀಗೆಯೇ ಇರುತ್ತದೆಯೇ?

ಇಲ್ಲ, ಮತ್ತು ಇರಬೇಕಾಗಿಯೂ ಇಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಘಟಿಕೋತ್ಸವಕ್ಕೆ ನುಡಿಹಬ್ಬ ಎಂದೇ ಹೆಸರು. ಅದು ನಡೆಯುವುದು ವಿದ್ಯಾರಣ್ಯ ಆವರಣದ ನವರಂಗ ಬಯಲು ರಂಗಮಂದಿರದಲ್ಲಿ, ತೆರೆದ ಆಕಾಶದ ಕೆಳಗೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಪದವೀಧರರಿಗೆ ಸಪ್ತಪರ್ಣಿ ಮರದ ಎಲೆಗಳ ಗೊಂಚಲನ್ನು ಕೊಡುವ ಸಂಪ್ರದಾಯವಿದೆ. ಇದೇ ಮರ ನಮ್ಮ ಹಾಲೆ ಮರ. ತುಳುನಾಡಿನವರು ಆಟಿ ಅಮಾವಾಸ್ಯೆಯಂದು ಕಷಾಯ ಮಾಡಿ ಕುಡಿಯುವ ಪಾಲೆ ಕೆತ್ತೆ ಇದರ ತೊಗಟೆಯೇ. ಇದರ ಹಲಗೆಯಿಂದ ಹಿಂದೆ ಮಕ್ಕಳ ಬರೆಯುವ ಫಲಕ ಮಾಡುತ್ತಿದ್ದರಾದ್ದರಿಂದ ಆಲ್‌ಸ್ಟೋನಿಯಾ ಸ್ಕಾಲರಿಸ್ ಎಂಬ ಇದರ ಸಸ್ಯಶಾಸ್ತ್ರದ ಹೆಸರಿನಲ್ಲೂ ವಿದ್ಯಾರ್ಥಿಗಳ ನೆನಪಿದೆ. ಕೇಂಬ್ರಿಡ್ಜಿನಲ್ಲಿ ಪದವಿ ಪಡೆಯುವವರು ತಮ್ಮ ಕಾಲೇಜಿನ ಹಿರಿಯರೊಬ್ಬರ ಬೆರಳು ಹಿಡಿದು ಮುಂದೆ ಬಂದು, ಕುಲಪತಿಯ ಎದುರು ಮಂಡಿಯೂರಿ, ಲ್ಯಾಟಿನ್ ಮಾತುಗಳಲ್ಲಿ ಪದವಿ ಸ್ವೀಕರಿಸುತ್ತಾರೆ. ಹೊರನಾಡಿನ ಸಮಾರಂಭಗಳಲ್ಲಿ ಕನ್ನಡಿಗರ ಗುರುತೂ ಮೂಡತೊಡಗಿದೆ: 2023ರ ಜನವರಿಯಲ್ಲಿ ಲಂಡನ್ನಿನ ವಿಶ್ವವಿದ್ಯಾಲಯವೊಂದರ ವೇದಿಕೆಯಲ್ಲಿ ಬೀದರಿನ ಹುಡುಗನೊಬ್ಬ ಹಳದಿ ಕೆಂಪು ಬಾವುಟ ಬಿಡಿಸಿ ಹಿಡಿದದ್ದನ್ನು ನಾಡೆಲ್ಲ ನೋಡಿ ಸಂತೋಷಪಟ್ಟಿತು.

ಘಟಿಕೋತ್ಸವ ಭಾಷಣ ಕನ್ನಡದಲ್ಲಿ ಇರಬಹುದೇ?

ಖಂಡಿತವಾಗಿ ಇರಬಹುದು. 1937ರಲ್ಲಿ ರವೀಂದ್ರನಾಥ ಟ್ಯಾಗೋರರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಬಂಗಾಳಿಯಲ್ಲಿ ಘಟಿಕೋತ್ಸವ ಭಾಷಣ ಮಾಡಿದಾಗ ಇಂಗ್ಲಿಷಿನ ಏಕಸ್ವಾಮ್ಯ ಅಲ್ಲಿ ಮುರಿಯಿತು. ಅತಿಥಿ ಹೊರರಾಜ್ಯದವರಾಗಿದ್ದರೆ ಇಂಗ್ಲಿಷ್ ಅನಿವಾರ್ಯವಾದೀತು. ಪದವಿ ಪ್ರದಾನದ ಮಾತುಗಳಾದರೂ ಕನ್ನಡದಲ್ಲಿರಬೇಕು. ಹಿಂದಿನ ಸಾಲಿನಲ್ಲಿ ಕುಳಿತ ತಾಯಿಗೆ ತನ್ನ ಮಗಳಿಗೆ ಏನು ಸಿಕ್ಕಿತೆಂಬುದು ಆ ಕ್ಷಣದಲ್ಲೇ ತಿಳಿಯಬೇಡವೇ?

ಸಮಾರಂಭಕ್ಕೆ ಹೋಗಲಾಗದಿದ್ದರೆ ಪದವಿ ಸಿಗುವುದಿಲ್ಲವೇ?

ಸಿಗುತ್ತದೆ. ಅರ್ಜಿ ತುಂಬುವಾಗಲೇ ಖುದ್ದಾಗಿ ಪಡೆಯುವಿರೋ ಗೈರುಹಾಜರಿಯಲ್ಲೋ ಎಂದು ಕೇಳಿರುತ್ತಾರೆ. ಗೈರುಹಾಜರಿಯಲ್ಲಿ ಪಡೆದ ಪದವಿಗೂ ಅಷ್ಟೇ ಮಾನ್ಯತೆಯಿದೆ. ಪ್ರಮಾಣಪತ್ರ ಅಂಚೆಯಲ್ಲೋ ಕಾಲೇಜಿನ ಮೂಲಕವೋ ಬರುತ್ತದೆ. ಮರೆಯಬಾರದ ಸಂಗತಿಯೆಂದರೆ ಬಹಳ ಕಡೆ ಘಟಿಕೋತ್ಸವ ಪ್ರಮಾಣಪತ್ರ ತಾನಾಗಿ ಬರುವುದಿಲ್ಲ. ಅಧಿಸೂಚನೆ ಹೊರಟಾಗ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಕೊನೆಯ ದಿನಾಂಕ ಮೀರಿದರೆ ದಂಡ ಶುಲ್ಕ, ಇಲ್ಲವೇ ಮುಂದಿನ ಘಟಿಕೋತ್ಸವದವರೆಗೆ ಕಾಯುವುದು.

ಯುಜಿಸಿಯ 2008ರ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿ ಅರ್ಹತೆ ಪಡೆಯಬೇಕಾದ ದಿನದಿಂದ 180 ದಿನಗಳೊಳಗೆ ಪದವಿ ನೀಡಬೇಕು. ಇದು ಎಲ್ಲೆಡೆ ಪಾಲನೆಯಾಗುತ್ತಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಅತಿಥಿಗಳ ದಿನಾಂಕ ಹೊಂದಿಕೆಯಾಗಲಿಲ್ಲವೆಂದು ವಿದ್ಯಾರ್ಥಿಗಳನ್ನು ಕಾಯಿಸುವುದು ನ್ಯಾಯವಲ್ಲ. ಈ ನಡುವೆ ನೌಕರಿಗೋ ಮೇಲಿನ ಓದಿಗೋ ತುರ್ತಾಗಿ ಬೇಕಾದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಎಂದರೆ ಪಿಡಿಸಿ, ಪಡೆಯಿರಿ. ಸರ್ಕಾರದ ಡಿಜಿಟಲ್ ದಾಖಲೆ ಸಂಗ್ರಹವಾದ ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ, ಪದವಿಗಳು ಸೇರಿವೆಯೇ ಎಂದೂ ಪರಿಶೀಲಿಸಿ.

ಪೋಷಕರನ್ನು ಒಳಗೆ ಬಿಡುತ್ತಾರೆಯೇ?

ಸಾಮಾನ್ಯವಾಗಿ ಪಾಸು ಇದ್ದವರಿಗೆ ಮಾತ್ರ ಪ್ರವೇಶ, ಅದೂ ಒಬ್ಬರಿಗೋ ಇಬ್ಬರಿಗೋ. ರಾಜ್ಯಪಾಲರು ಬರುವುದರಿಂದ ಪೊಲೀಸ್ ತಪಾಸಣೆ ಬಿಗಿಯಾಗಿರುತ್ತದೆ. ಚೀಲ, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ. ಕೆಲವೆಡೆ ಮೊಬೈಲಿಗೂ ನಿರ್ಬಂಧ. ಮೆರವಣಿಗೆ ಹೊರಡುವ ಮೊದಲೇ ಬಾಗಿಲು ಹಾಕುತ್ತಾರೆ, ಆಮೇಲೆ ಬಂದವರು ಹೊರಗೇ ಉಳಿಯಬೇಕಾಗುತ್ತದೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬರುವ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿ, ಸಾಧ್ಯವಾದರೆ ಹಿಂದಿನ ದಿನವೇ ಕರೆಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಹೊಟ್ಟೆಗೆ ಹಾಕಿಕೊಂಡೇ ಒಳಗೆ ಹೋಗಬೇಕು. ನಡುವೆ ಏಳಲು ಅವಕಾಶ ಸಿಗದಿರಬಹುದು.

ವಿದೇಶಕ್ಕೆ ಹೋಗುವವರು ಪ್ರಮಾಣಪತ್ರವನ್ನು ಏನು ಮಾಡಿಸಬೇಕು?

ಒಂದು ದೇಶದ ದಾಖಲೆ ಅಸಲಿಯೆಂದು ಇನ್ನೊಂದು ದೇಶ ಒಪ್ಪುವಂತೆ ಒತ್ತುವ ದೃಢೀಕರಣ ಮುದ್ರೆಯೇ ಅಪೊಸ್ಟೀಲ್; ಭಾರತ 2005ರಲ್ಲಿ ಅದರ ಒಪ್ಪಂದಕ್ಕೆ ಸೇರಿದೆ. ಆ ಒಪ್ಪಂದದಲ್ಲಿರುವ ದೇಶಗಳಿಗೆ ಹೋಗುವವರು ಮೊದಲು ರಾಜ್ಯ ಸರ್ಕಾರದ ಮಟ್ಟದಲ್ಲಿ ಪ್ರಮಾಣಪತ್ರವನ್ನು ದೃಢೀಕರಿಸಿಕೊಂಡು, ಅನಂತರ ವಿದೇಶಾಂಗ ಸಚಿವಾಲಯದಿಂದ ಅಪೊಸ್ಟೀಲ್ ಮುದ್ರೆ ಪಡೆಯಬೇಕು. ಮೂಲ ಪ್ರಮಾಣಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದರೆ ಅದರ ಮೇಲೆ ಮುದ್ರೆ ಒತ್ತಲಾಗುವುದಿಲ್ಲ. ಅದರ ಒಂದು ನಕಲಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಮೂಲವನ್ನು ಕಡತದಲ್ಲಿ ಮಡಿಚದೆ ಇಡಿ. ಹೆಸರಿನ ಅಕ್ಷರ, ಇನಿಷಿಯಲ್, ತಂದೆತಾಯಿಯ ಹೆಸರುಗಳಲ್ಲಿ ತಪ್ಪಿದ್ದರೆ ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿಯೊಂದಿಗೆ ಅರ್ಜಿ ಕೊಡಿ.